ಹೆಸರಿಲ್ಲದ ಫೋಟೊವನ್ನು ಯಾರು ಹುಡುಕಿಯಾರು?

ನೀವು ಫೋಟೊಗ್ರಾಫರ್ ಆಗಿರಬಹುದು. ಇಲ್ಲವೇ ನಿಮ್ಮ ಮನೆಯಲ್ಲಿ, ನೆಂಟರಲ್ಲಿ ಒಬ್ಬ ಫೋಟೊಗ್ರಾಫರ್ ಇರಬಹುದು. ಈಗ ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳಿ. ಬೀದರಿನಿಂದಲೋ ಕಲಬುರಗಿಯಿಂದಲೋ ಹೈದರಾಬಾದಿಗೆ ಹೋಗಿ, ಟೋಲಿಚೌಕಿಯಲ್ಲಿ ಒಂದು ಸಣ್ಣ ಸ್ಟುಡಿಯೊ ಹಾಕಿಕೊಂಡಿದ್ದಾನೆ. ಒಳ್ಳೆಯ ಕ್ಯಾಮರಾ ಇದೆ, ಕಣ್ಣೂ ಚೆನ್ನಾಗಿದೆ. ನಾಲ್ಕೈದು ವರ್ಷದಲ್ಲಿ ನೂರಾರು ನಿಕಾಹ್, ವಲೀಮಾಗಳ ಫೋಟೊ ತೆಗೆದಿದ್ದಾನೆ. ಸಾಲ ಮಾಡಿ ಒಂದು ವೆಬ್‌ಸೈಟ್ ಕೂಡ ಮಾಡಿಸಿದ್ದಾನೆ. ಆದರೆ ಆ ವೆಬ್‌ಸೈಟಿನಿಂದ ಒಂದು ಫೋನ್ ಕರೆಯೂ ಬಂದಿಲ್ಲ.

ಅದೇ ಹೊತ್ತಿಗೆ ಎರಡು ಗಲ್ಲಿ ಆಚೆ ಒಬ್ಬ ಅಣ್ಣ, ತಂಗಿಯ ಮದುವೆಗೆ ಫೋಟೊಗ್ರಾಫರ್ ಬೇಕು ಅಂತ ಮೊಬೈಲಿನಲ್ಲಿ ಹುಡುಕುತ್ತಿದ್ದಾನೆ. ಅವನಿಗೆ ನಮ್ಮ ಹುಡುಗನ ಒಂದು ಫೋಟೊವೂ ಕಾಣಿಸುತ್ತಿಲ್ಲ. ಯಾಕೆ? ಫೋಟೊ ಕೆಟ್ಟದಾಗಿದೆಯೆಂದಲ್ಲ. ಅದಕ್ಕೆ ಹೆಸರಿಲ್ಲ, ವಿಳಾಸವಿಲ್ಲ, ಮೇಲಾಗಿ ಹೊರಲಾರದಷ್ಟು ಭಾರ.

ವೆಬ್‌ಸೈಟಿನ ಫೋಟೊಗಳನ್ನು ಸರ್ಚ್ ಇಂಜಿನ್‌ಗೆ ಅರ್ಥವಾಗುವಂತೆ ಸಿದ್ಧಪಡಿಸುವುದು ಹೇಗೆ ಅನ್ನುವುದನ್ನು ಇಲ್ಲಿ ನೋಡೋಣ. ಜೊತೆಗೆ ಇನ್ನೊಂದು ಮಾತನ್ನೂ ಹೇಳಬೇಕಿದೆ. ಯಾವ ಫೋಟೊ ಕಾಣಬೇಕು ಎಂದು ತಿಳಿದವನು, ಯಾವುದು ಕಾಣಬಾರದು ಎಂಬುದನ್ನೂ ತಿಳಿದಿರಬೇಕು. ಎರಡೂ ಒಂದೇ ಕಸುಬಿನ ಎರಡು ಕೈಗಳು.

ಗಾಜಿನ ಮೇಲೆ ಬರೆದ ನಂಬರು

ಹೈದರಾಬಾದಿನಲ್ಲಿ ಈ ಕಸುಬು ಹೊಸದಲ್ಲ. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನದ ಫೋಟೊಗ್ರಾಫರ್ ರಾಜಾ ದೀನ್ ದಯಾಳ್ ಅವರ ಹೆಸರು ಕೇಳಿರಬಹುದು. 1844ರಲ್ಲಿ ಮೀರತ್ ಹತ್ತಿರದ ಸರ್ಧಾನಾದಲ್ಲಿ ಹುಟ್ಟಿದವರು. ರೂರ್ಕಿಯಲ್ಲಿ ಎಂಜಿನಿಯರಿಂಗ್ ಕಲಿತು, ಇಂದೋರಿನಲ್ಲಿ ಸರ್ಕಾರಿ ನೌಕರಿ ಮಾಡಿ, ಆಮೇಲೆ ಕ್ಯಾಮರಾ ಹಿಡಿದು ಹೈದರಾಬಾದಿಗೆ ಬಂದರು. ಸಿಕಂದರಾಬಾದಿನಲ್ಲಿ ಸ್ಟುಡಿಯೊ ತೆರೆದರು. ನಿಜಾಮರು ಅವರಿಗೆ ‘ಮುಸವ್ವಿರ್ ಜಂಗ್’ ಎಂಬ ಬಿರುದು ಕೊಟ್ಟರು. ಮುಸವ್ವಿರ್ ಅಂದರೆ ಚಿತ್ರ ಮಾಡುವವನು. 1905ರಲ್ಲಿ ಅವರು ತೀರಿಕೊಂಡರು.

ಅವರ ಹಳೆಯ ಫೋಟೊಗಳನ್ನು ನೋಡಿದರೆ ಅನೇಕ ಚಿತ್ರಗಳ ಕೆಳಗಡೆ ಒಂದು ನಂಬರು, ಜಾಗದ ಹೆಸರು ಕಾಣುತ್ತದೆ. ಅದನ್ನು ಗಾಜಿನ ನೆಗೆಟಿವ್ ಮೇಲೆಯೇ ಬರೆಯುತ್ತಿದ್ದರು. ಹಾಗಾಗಿ ಎಷ್ಟು ಪ್ರತಿ ತೆಗೆದರೂ ಹೆಸರು ಚಿತ್ರದ ಜೊತೆಗೇ ಹೋಗುತ್ತಿತ್ತು. ಇವತ್ತು ಅವರ 2857 ಗಾಜಿನ ನೆಗೆಟಿವ್‌ಗಳು ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಲ್ಲಿವೆ. ಬರೆದಿಟ್ಟ ಹೆಸರು, ನಂಬರುಗಳಿದ್ದಲ್ಲಿ ಒಂದು ಚಿತ್ರವನ್ನು ಗುರುತಿಸಿ ಹುಡುಕಿ ತೆಗೆಯುವುದು ಎಷ್ಟು ಸುಲಭ ಎಂದು ಯೋಚಿಸಿ.

ನಾವು ಈಗ ಮಾಡಬೇಕಾದ ಕೆಲಸವೂ ಅದೇ. ಗಾಜಿನ ಬದಲು ಫೈಲ್ ಬಂದಿದೆ, ಅಷ್ಟೇ ವ್ಯತ್ಯಾಸ.

ಸರ್ಚ್ ಇಂಜಿನ್ ಫೋಟೊವನ್ನು ಹೇಗೆ ನೋಡುತ್ತದೆ?

ಗೂಗಲ್ ಚಿತ್ರ ಹುಡುಕಾಟ ಶುರುವಾದದ್ದು 2001ರಲ್ಲಿ. ಅಂದಿನಿಂದ ಇಂದಿನವರೆಗೆ ಯಂತ್ರ ಬಹಳ ಕಲಿತಿದೆ. ಈಗ ಅದು ಚಿತ್ರದೊಳಗಿನ ವಸ್ತುಗಳನ್ನೂ ಗುರುತಿಸುತ್ತದೆ. ಒಂದು ಮದುವೆಯ ಫೋಟೊ ಕೊಟ್ಟರೆ, ಇಲ್ಲಿ ಹೂವಿದೆ, ವೇದಿಕೆ ಇದೆ, ಕೆಂಪು ಬಟ್ಟೆ ತೊಟ್ಟ ಹೆಣ್ಣುಮಗಳಿದ್ದಾಳೆ ಎಂದು ಊಹಿಸಬಲ್ಲದು.

ಆದರೆ ಅದು ವಲೀಮಾನೋ ನಿಶ್ಚಿತಾರ್ಥವೋ, ಮೆಹದಿಪಟ್ಟಣದ ಫಂಕ್ಷನ್ ಹಾಲೋ ಮುಂಬಯಿಯ ಹೋಟೆಲೋ, ಫೋಟೊ ತೆಗೆದವನು ಬಾಡಿಗೆಗೆ ಸಿಗುವವನೋ ಅಲ್ಲವೋ – ಇದ್ಯಾವುದೂ ಬಣ್ಣದ ಚುಕ್ಕಿಗಳಲ್ಲಿ ಇರುವುದಿಲ್ಲ. ಇದನ್ನೆಲ್ಲ ಮಾತಿನಲ್ಲಿ ಹೇಳಬೇಕು. ಸರ್ಚ್ ಇಂಜಿನ್ ಆ ಮಾತನ್ನು ನಾಲ್ಕು ಕಡೆ ಹುಡುಕುತ್ತದೆ: ಫೈಲಿನ ಹೆಸರು, ಚಿತ್ರಕ್ಕೆ ಕೊಟ್ಟ ಬದಲಿ ವಿವರಣೆ, ಚಿತ್ರದ ಕೆಳಗಿನ ಅಡಿಬರಹ, ಮತ್ತು ಚಿತ್ರವಿರುವ ಪುಟದ ಬರಹ. ಈ ನಾಲ್ಕೂ ಖಾಲಿ ಇದ್ದರೆ ಯಂತ್ರ ಊಹೆಯ ಮೇಲೆಯೇ ನಿಲ್ಲಬೇಕಾಗುತ್ತದೆ. ಊಹೆಯ ಮೇಲೆ ನಿಂತ ಫೋಟೊ ಮೊದಲ ಸಾಲಿಗೆ ಬರುವುದು ಕಷ್ಟ.

ಫೈಲಿಗೆ ಹೆಸರಿಡಿ

ಕ್ಯಾಮರಾ ತಾನಾಗಿ ಕೊಡುವ ಹೆಸರು ‘ಡಿಎಸ್‌ಸಿ 0457’ ಅಂತಲೋ ‘ಐಎಂಜಿ 2213’ ಅಂತಲೋ ಇರುತ್ತದೆ. ಪ್ರಪಂಚದಲ್ಲಿ ಇದೇ ಹೆಸರಿನ ಫೈಲುಗಳು ಎಷ್ಟಿವೆಯೋ ಲೆಕ್ಕವಿಲ್ಲ. ವೆಬ್‌ಸೈಟಿಗೆ ಹಾಕುವ ಮೊದಲೇ ಅದನ್ನು ಬದಲಿಸಿ. ಉದಾಹರಣೆಗೆ: ‘ಖಡಾ-ದುಪಟ್ಟಾ-ವಧು-ಕೈ-ಮೆಹಂದಿ-ಹೈದರಾಬಾದ್’. ಖಡಾ ದುಪಟ್ಟಾ ಹೈದರಾಬಾದಿನ ವಧುವಿನ ವಿಶೇಷ ಉಡುಪು ಅಂತ ನಿಮಗೆ ಗೊತ್ತು. ಆ ಪದವನ್ನು ಹುಡುಕುವವನು ಹೈದರಾಬಾದಿನ ಮದುವೆಯನ್ನೇ ಹುಡುಕುತ್ತಿರುತ್ತಾನೆ. ಬರೀ ‘ವೆಡ್ಡಿಂಗ್’ ಅಂತ ಬರೆದರೆ ನೀವು ಇಡೀ ಪ್ರಪಂಚದ ಜೊತೆ ಪೈಪೋಟಿಗೆ ಇಳಿದಂತೆ.

ಇಲ್ಲಿ ಮೂರು ಸಣ್ಣ ನಿಯಮಗಳಿವೆ. ಒಂದು, ಪದಗಳ ನಡುವೆ ಅಡ್ಡಗೆರೆ ಹಾಕಿ. ಅಕ್ಷರದ ತಳದಲ್ಲಿ ಬರುವ ಅಂಡರ್‌ಸ್ಕೋರ್ ಬೇಡ, ಖಾಲಿ ಜಾಗವೂ ಬೇಡ. ಎರಡು, ನಾಲ್ಕೈದು ಪದ ಸಾಕು. ಮೂರು, ಫೈಲಿನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದು ಅನುಕೂಲ. ಕನ್ನಡ ಅಥವಾ ಉರ್ದು ಅಕ್ಷರದಲ್ಲಿ ಬರೆಯಲು ಅಡ್ಡಿಯೇನಿಲ್ಲ, ಸರ್ಚ್ ಇಂಜಿನ್ ಓದುತ್ತದೆ. ಆದರೆ ಆ ವಿಳಾಸವನ್ನು ನಕಲು ಮಾಡಿ ಬೇರೆಯವರಿಗೆ ಕಳಿಸುವಾಗ ಒಂದೊಂದು ಕನ್ನಡ ಚಿಹ್ನೆಯೂ ಶೇಕಡಾ ಗುರುತು, ಅಂಕಿ ಎಲ್ಲ ಸೇರಿದ 9 ಚಿಹ್ನೆಗಳ ಸಾಲಾಗಿಬಿಡುತ್ತದೆ. ನೋಡಿದವರಿಗೆ ಏನೋ ವೈರಸ್ ಲಿಂಕ್ ಬಂತು ಅನ್ನಿಸಬಹುದು. ಕನ್ನಡವನ್ನು ಪುಟದ ಬರಹದಲ್ಲಿ, ವಿವರಣೆಯಲ್ಲಿ ಧಾರಾಳವಾಗಿ ಬಳಸಿ.

ಆಲ್ಟ್ ಟೆಕ್ಸ್ಟ್: ಮೊದಲು ಮನುಷ್ಯರಿಗೆ, ಆಮೇಲೆ ಯಂತ್ರಕ್ಕೆ

ವೆಬ್ ಪುಟದಲ್ಲಿ ಪ್ರತಿ ಚಿತ್ರದ ಹಿಂದೆ ಒಂದು ಬದಲಿ ವಿವರಣೆ ಬರೆಯಲು ಜಾಗವಿರುತ್ತದೆ. ಇದಕ್ಕೆ ಆಲ್ಟ್ ಟೆಕ್ಸ್ಟ್ ಅನ್ನುತ್ತಾರೆ. ನೀವು ವರ್ಡ್‌ಪ್ರೆಸ್‌ನಂಥ ಸಲಕರಣೆ ಬಳಸುತ್ತಿದ್ದರೆ, ಫೋಟೊ ಏರಿಸುವಾಗಲೇ ಆ ಖಾನೆ ಕಾಣುತ್ತದೆ. ಬಹಳ ಜನ ಅದನ್ನು ಖಾಲಿ ಬಿಟ್ಟು ಮುಂದೆ ಹೋಗುತ್ತಾರೆ.

ಈ ಖಾನೆ ಇರುವುದು ಸರ್ಚ್ ಇಂಜಿನ್‌ಗಾಗಿ ಅಲ್ಲ. ಚಿತ್ರ ತೆರೆಯದೇ ಹೋದಾಗ, ಇಲ್ಲವೇ ಓದುಗ ಚಿತ್ರ ನೋಡಲಾಗದವನಾದಾಗ, ಅದರ ಬದಲಿಗೆ ಮಾತು ಸಿಗಲಿ ಅಂತ. ಕಣ್ಣು ಕಾಣದವರ ಫೋನಿನಲ್ಲಿರುವ ಸ್ಕ್ರೀನ್ ರೀಡರ್ ಈ ಸಾಲನ್ನೇ ಗಟ್ಟಿಯಾಗಿ ಓದುತ್ತದೆ. ಹೀಗಾಗಿ ಆಲ್ಟ್ ಟೆಕ್ಸ್ಟ್ ಬರೆಯುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಪಕ್ಕದಲ್ಲಿ ಕೂತ ಕಣ್ಣಿಲ್ಲದ ಗೆಳೆಯನಿಗೆ ಈ ಫೋಟೊವನ್ನು ಒಂದು ಸಾಲಿನಲ್ಲಿ ಹೇಗೆ ಹೇಳುತ್ತೀರಿ?

ತಪ್ಪು ಹೀಗಿರುತ್ತದೆ: ‘ಹೈದರಾಬಾದ್ ಫೋಟೊಗ್ರಾಫರ್, ಬೆಸ್ಟ್ ಫೋಟೊಗ್ರಾಫರ್, ಚೀಪ್ ಫೋಟೊಗ್ರಾಫರ್, ನಿಕಾಹ್ ಫೋಟೊಗ್ರಾಫರ್’. ಇದನ್ನು ಗಟ್ಟಿಯಾಗಿ ಓದಿಸಿಕೊಂಡ ಮನುಷ್ಯನಿಗೆ ಚಿತ್ರದ ಬಗ್ಗೆ ಏನು ಗೊತ್ತಾಯ್ತು? ಏನೂ ಇಲ್ಲ. ಹೀಗೆ ಪದ ತುರುಕುವುದನ್ನು ಗೂಗಲ್ ಕೂಡ ಬೇಡ ಅನ್ನುತ್ತದೆ; ಸೈಟನ್ನು ಸ್ಪ್ಯಾಮ್ ಎಂದು ಕಾಣುವ ಅಪಾಯವಿದೆ.

ಸರಿ ಹೀಗಿರುತ್ತದೆ: ‘ನಿಕಾಹ್‌ನಾಮೆಗೆ ಸಹಿ ಹಾಕುತ್ತಿರುವ ವರನ ಕೈ, ಪಕ್ಕದಲ್ಲಿ ಖರ್ಜೂರದ ತಟ್ಟೆ’. ಸರಳ ಮಾತು. ಇದರಲ್ಲಿ ನಿಕಾಹ್ ಇದೆ, ವರ ಇದ್ದಾನೆ, ಸಂದರ್ಭ ಇದೆ. ಊರಿನ ಹೆಸರನ್ನು ಎಲ್ಲ ಫೋಟೊಗೂ ಅಂಟಿಸಬೇಕಾಗಿಲ್ಲ. ಚಿತ್ರದಲ್ಲಿ ಚೌಮಹಲ್ಲಾ ಅರಮನೆಯೋ ಗೋಲ್ಕೊಂಡಾ ಕೋಟೆಯೋ ಕಾಣುತ್ತಿದ್ದರೆ ಅದನ್ನು ಹೇಳಿ. ಕಾಣದಿದ್ದರೆ ಊರನ್ನು ಪುಟದ ಬರಹಕ್ಕೆ ಬಿಡಿ.

ಫೋಟೊ ಸುತ್ತ ಮಾತಿರಲಿ

ಹಲವು ಸ್ಟುಡಿಯೊಗಳ ವೆಬ್‌ಸೈಟಿನಲ್ಲಿ ‘ಗ್ಯಾಲರಿ’ ಎಂಬ ಒಂದೇ ಪುಟ, ಅದರಲ್ಲಿ ಎಂಬತ್ತು ಫೋಟೊ, ಒಂದಕ್ಷರ ಬರಹ ಇಲ್ಲ. ನೋಡೋಕೆ ಚೆಂದ, ಆದರೆ ಮೂಕ. ಅದನ್ನು ಒಡೆದು ಬೇರೆ ಬೇರೆ ಪುಟ ಮಾಡಿ. ನಿಕಾಹ್‌ಗೆ ಒಂದು, ವಲೀಮಾಗೆ ಒಂದು, ಸಾಂಚಖ್ ಮತ್ತು ಮೆಹಂದಿಗೆ ಒಂದು, ಮಕ್ಕಳ ಫೋಟೊಗೆ ಒಂದು, ಅಂಗಡಿಯವರ ಸಾಮಾನಿನ ಫೋಟೊಗೆ ಒಂದು. ಪ್ರತಿ ಪುಟದಲ್ಲಿ ಹತ್ತು ಹದಿನೈದು ಒಳ್ಳೆಯ ಚಿತ್ರ, ಜೊತೆಗೆ ನಾಲ್ಕೈದು ಪ್ಯಾರಾ ಮಾತು. ಗಿರಾಕಿ ಫೋನಿನಲ್ಲಿ ಏನು ಕೇಳುತ್ತಾನೋ ಅದಕ್ಕೆಲ್ಲ ಅಲ್ಲಿ ಉತ್ತರ ಕೊಡಿ: ಎಷ್ಟು ಗಂಟೆ ಕೆಲಸ, ಎಷ್ಟು ಜನ ಬರುತ್ತೀರಿ, ಆಲ್ಬಮ್ ಎಷ್ಟು ದಿನಕ್ಕೆ, ಯಾವ ಬಡಾವಣೆಗಳಿಗೆ ಹೋಗುತ್ತೀರಿ, ದರ ಎಷ್ಟರಿಂದ ಶುರು.

ಹೆಂಗಸರ ಕಡೆಗೆ ಮಹಿಳಾ ಫೋಟೊಗ್ರಾಫರ್ ಇದ್ದಾರೆಯೇ ಎಂದು ಕೇಳುವ ಮನೆಗಳಿವೆ. ನಿಮ್ಮಲ್ಲಿ ಇದ್ದರೆ ಅದನ್ನು ಸ್ಪಷ್ಟವಾಗಿ ಬರೆಯಿರಿ. ಬರೆಯದ ಸೇವೆಯನ್ನು ಯಾವ ಯಂತ್ರವೂ ಹುಡುಕಿ ಕೊಡೋದಿಲ್ಲ.

ಮತ್ತೊಂದು ಸಾಮಾನ್ಯ ತಪ್ಪು: ದರ, ಫೋನ್ ನಂಬರು, ವಿಳಾಸವನ್ನೆಲ್ಲ ಒಂದು ಸುಂದರ ಪೋಸ್ಟರ್ ಚಿತ್ರದೊಳಗೆ ಹಾಕಿ ಅದನ್ನೇ ಪುಟಕ್ಕೆ ಏರಿಸುವುದು. ಅದನ್ನು ಬೇರೆ ಭಾಷೆಗೆ ಅನುವಾದಿಸೋದೂ ಕಷ್ಟ, ಸ್ಕ್ರೀನ್ ರೀಡರ್ ಓದೋದೂ ಕಷ್ಟ. ಮಾತು ಮಾತಾಗಿಯೇ ಇರಲಿ, ಚಿತ್ರ ಚಿತ್ರವಾಗಿರಲಿ.

ಭಾರ ಇಳಿಸಿ

ಈಗ ಲೆಕ್ಕಕ್ಕೆ ಬನ್ನಿ. 24 ಮೆಗಾಪಿಕ್ಸೆಲ್ ಕ್ಯಾಮರಾದ ಒಂದು ಫೋಟೊ ಅಗಲದಲ್ಲಿ 6000, ಎತ್ತರದಲ್ಲಿ 4000 ಪಿಕ್ಸೆಲ್ ಇರುತ್ತದೆ. ಒಳ್ಳೆಯ ಗುಣಮಟ್ಟದ ಜೆಪೆಗ್ ಫೈಲ್ ಸುಮಾರು 10 ಎಂಬಿ ಅಂದುಕೊಳ್ಳಿ. ಅಂಥ 30 ಫೋಟೊ ಒಂದು ಪುಟದಲ್ಲಿಟ್ಟರೆ 300 ಎಂಬಿ. ಬಸ್ಸಿನಲ್ಲಿ ಕೂತು ಮೊಬೈಲ್ ಡೇಟಾದಲ್ಲಿ ನೋಡುವ ಗಿರಾಕಿ ಅಷ್ಟು ಹೊತ್ತು ಕಾಯುತ್ತಾನೆಯೇ? ಹಿಂದಕ್ಕೆ ಹೋಗಿ ಇನ್ನೊಬ್ಬರ ಸೈಟ್ ತೆರೆಯುತ್ತಾನೆ.

ಅದೇ ಫೋಟೊವನ್ನು 1600 ಪಿಕ್ಸೆಲ್ ಅಗಲಕ್ಕೆ ಇಳಿಸಿ, ಒತ್ತಿ ಉಳಿಸಿದರೆ 250 ಕೆಬಿ ಆಸುಪಾಸಿಗೆ ತರಬಹುದು. 30 ಫೋಟೊ ಸೇರಿ 7.5 ಎಂಬಿ. ಮೊಬೈಲ್ ಪರದೆಯಲ್ಲಿ ಕಣ್ಣಿಗೆ ವ್ಯತ್ಯಾಸ ಕಾಣುವುದು ಅಪರೂಪ. ಭಾರ ಮಾತ್ರ ನಲವತ್ತರಲ್ಲಿ ಒಂದು ಪಾಲು. ಮೂಲ ಫೋಟೊವನ್ನು ಮಾತ್ರ ಮುಟ್ಟಬೇಡಿ. ಅದು ನಿಮ್ಮ ಹಾರ್ಡ್ ಡಿಸ್ಕಿನಲ್ಲಿ ಹಾಗೇ ಇರಲಿ. ವೆಬ್‌ಸೈಟಿಗೆ ಹೋಗುವುದು ಪ್ರತಿ ಮಾತ್ರ.

ಜೆಪೆಗ್ 1992ರ ಮಾನಕ. ಇನ್ನೂ ಚೆನ್ನಾಗಿ ನಡೆಯುತ್ತಿದೆ. ಗೂಗಲ್ 2010ರಲ್ಲಿ ತಂದ ವೆಬ್‌ಪಿ ಮತ್ತು ಅದಕ್ಕಿಂತ ಹೊಸದಾದ ಎವಿಐಎಫ್ ಸಾಮಾನ್ಯವಾಗಿ ಅದೇ ಗುಣಮಟ್ಟವನ್ನು ಕಡಿಮೆ ಭಾರದಲ್ಲಿ ಕೊಡುತ್ತವೆ. ಇಂದಿನ ಬ್ರೌಸರ್‌ಗಳು ಎರಡನ್ನೂ ತೆರೆಯುತ್ತವೆ. ಫೋಟೊಗೆ ಪಿಎನ್‌ಜಿ ಬಳಸಬೇಡಿ. ಅದು ಲೋಗೊ, ರೇಖಾಚಿತ್ರಗಳಿಗೆ ಸರಿ, ಫೋಟೊಗೆ ತುಂಬ ಭಾರ.

ವೇಗವನ್ನು ಅಳೆಯಲು ಗೂಗಲ್ 2020ರಲ್ಲಿ ಕೆಲವು ಅಳತೆಗಳನ್ನು ಪ್ರಕಟಿಸಿತು. ಅದರಲ್ಲಿ ಒಂದು, ಪುಟದ ಅತಿ ದೊಡ್ಡ ಭಾಗ ಪರದೆಯ ಮೇಲೆ ಮೂಡಲು ತೆಗೆದುಕೊಳ್ಳುವ ಸಮಯ. 2.5 ಸೆಕೆಂಡಿನೊಳಗೆ ಮೂಡಿದರೆ ಒಳ್ಳೆಯದು ಎಂಬುದು ಅದರ ಲೆಕ್ಕ. ಫೋಟೊಗ್ರಾಫರ್‌ನ ಸೈಟಿನಲ್ಲಿ ಆ ಅತಿ ದೊಡ್ಡ ಭಾಗ ಸಾಮಾನ್ಯವಾಗಿ ಮೇಲಿನ ಮೊದಲ ಫೋಟೊ. ಹಾಗಾಗಿ ಮೊದಲ ಫೋಟೊ ಹಗುರಾಗಿರಲಿ, ತಕ್ಷಣ ಬರಲಿ. ಕೆಳಗಿನ ಫೋಟೊಗಳು, ನೋಡುವವನು ಕೆಳಗೆ ಸರಿಸಿದಾಗ ಬಂದರೆ ಸಾಕು. ಇದಕ್ಕೆ ಲೇಜಿ ಲೋಡಿಂಗ್ ಅನ್ನುತ್ತಾರೆ. ಮೊದಲ ಫೋಟೊಗೂ ಇದನ್ನು ಹಾಕಿದರೆ ಲಾಭದ ಬದಲು ನಷ್ಟ.

ಇನ್ನೊಂದು ಅಳತೆ, ಪುಟ ತೆರೆಯುವಾಗ ಬರಹ ಅಲ್ಲಾಡುವುದರ ಬಗ್ಗೆ. ಓದುತ್ತಿದ್ದಂತೆ ಮೇಲೆ ಫೋಟೊ ಬಂದು ಸಾಲುಗಳು ಕೆಳಗೆ ಜಾರುತ್ತವಲ್ಲ, ಅದೇ. ಪ್ರತಿ ಚಿತ್ರದ ಅಗಲ ಎತ್ತರವನ್ನು ಪುಟದ ಕೋಡ್‌ನಲ್ಲಿ ಮೊದಲೇ ಬರೆದಿಟ್ಟರೆ ಬ್ರೌಸರ್ ಜಾಗ ಕಾಯ್ದಿರಿಸುತ್ತದೆ, ಪುಟ ಅಲ್ಲಾಡೋದಿಲ್ಲ. ಇದನ್ನು ವೆಬ್‌ಸೈಟ್ ಮಾಡಿಕೊಟ್ಟವರಿಗೆ ಹೇಳಿ ಮಾಡಿಸಿ.

ಅವರಿಗೆ ಹೇಳಬೇಕಾದ ಇನ್ನೂ ಎರಡು ಮಾತಿವೆ. ಫೋಟೊವನ್ನು ಪುಟದ ಹಿನ್ನೆಲೆ ಅಲಂಕಾರವಾಗಿ, ಅಂದರೆ ಸಿಎಸ್‌ಎಸ್ ಮೂಲಕ ಹಾಕಿದರೆ ಗೂಗಲ್ ಅದನ್ನು ಚಿತ್ರ ಹುಡುಕಾಟಕ್ಕೆ ಸೇರಿಸಿಕೊಳ್ಳುವುದಿಲ್ಲ. ಮುಖ್ಯ ಫೋಟೊಗಳನ್ನು ಚಿತ್ರದ ಟ್ಯಾಗಿನಲ್ಲೇ ಹಾಕಬೇಕು. ಎರಡನೆಯದು, ಸೈಟಿನಲ್ಲಿ ಯಾವ ಯಾವ ಚಿತ್ರಗಳಿವೆ ಎಂಬ ಪಟ್ಟಿಯನ್ನು, ಅಂದರೆ ಇಮೇಜ್ ಸೈಟ್‌ಮ್ಯಾಪನ್ನು, ಗೂಗಲ್ ಸರ್ಚ್ ಕನ್ಸೋಲ್‌ಗೆ ಕೊಡಬೇಕು. ಎರಡೂ ದೊಡ್ಡ ಕೆಲಸವಲ್ಲ.

ಕಾಣಬಾರದ ಫೋಟೊ

ಇಲ್ಲಿಯವರೆಗೆ ಹೇಳಿದ್ದು ಕಾಣಿಸುವ ವಿದ್ಯೆ. ಈಗ ಇದರ ಇನ್ನೊಂದು ಮುಖ ನೋಡಿ.

ದೀನ್ ದಯಾಳ್ 1892ರಲ್ಲಿ ಹೈದರಾಬಾದಿನಲ್ಲಿ ಹೆಂಗಸರಿಗಾಗಿಯೇ ಒಂದು ಜನಾನಾ ಸ್ಟುಡಿಯೊ ತೆರೆದರು. ಅದನ್ನು ನಡೆಸುತ್ತಿದ್ದವರು ಕೆನ್ನಿ ಲೆವಿಕ್ ಎಂಬ ಇಂಗ್ಲಿಷ್ ಮಹಿಳೆ. ಪರದೆ ಪಾಲಿಸುವ ಮನೆತನದ ಹೆಂಗಸರು ಪರಗಂಡಸರ ಕಣ್ಣಿಗೆ ಬೀಳದೆ ಅಲ್ಲಿ ಫೋಟೊ ತೆಗೆಸಿಕೊಳ್ಳಬಹುದಿತ್ತು. ಆ ಕಾಲದ ದೊಡ್ಡ ವ್ಯಾಪಾರಿಗೂ ಒಂದು ವಿಷಯ ತಿಳಿದಿತ್ತು: ಯಾರು ನೋಡಬೇಕು, ಯಾರು ನೋಡಬಾರದು ಅನ್ನುವುದನ್ನು ಕಾಯುವವನಿಗೇ ಜನ ತಮ್ಮ ಮನೆಯ ಬಾಗಿಲು ತೆರೆಯುತ್ತಾರೆ.

ಗಾಜಿನ ಪ್ಲೇಟು ಸ್ಟುಡಿಯೊದ ಗೋಡೆಯೊಳಗೆ ಇರುತ್ತಿತ್ತು. ಇಂದಿನ ಫೈಲಿಗೆ ಗೋಡೆ ಇಲ್ಲ. ನೀವು ಚೆನ್ನಾಗಿ ಹೆಸರಿಟ್ಟು, ವಿವರಣೆ ಬರೆದು, ಹಗುರ ಮಾಡಿ ಏರಿಸಿದ ವಧುವಿನ ಫೋಟೊ ಎಷ್ಟು ಬೇಗ ಗಿರಾಕಿಗೆ ಸಿಗುತ್ತದೋ ಅಷ್ಟೇ ಬೇಗ ಕಿಡಿಗೇಡಿಗೂ ಸಿಗುತ್ತದೆ. ಫೋಟೊ ನಕಲಿ ಪ್ರೊಫೈಲಿಗೆ ಹೋಗಬಹುದು, ಮುಖ ಬೇರೆ ದೇಹಕ್ಕೆ ಅಂಟಬಹುದು. ಅನುಭವಿಸುವವಳು ಆ ಹೆಣ್ಣುಮಗಳು, ಅವಳ ಮನೆಯವರು. ಆದ್ದರಿಂದ ಕೆಲವು ವಿಷಯಗಳನ್ನು ಗಟ್ಟಿಯಾಗಿ ಹಿಡಿಯಬೇಕು.

ಮೊದಲನೆಯದು ಕಾನೂನು. ‘ಫೋಟೊ ನಾನು ತೆಗೆದದ್ದು, ಹಾಗಾಗಿ ನನ್ನದು’ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮಿನ ಪ್ರಕಾರ, ಒಬ್ಬರು ಹಣ ಕೊಟ್ಟು ಹೇಳಿ ತೆಗೆಸಿದ ಫೋಟೊದ ಮೊದಲ ಹಕ್ಕುದಾರರು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ. ಅಂದರೆ ಮದುವೆ ಮನೆಯವರು. ಅವರ ಒಪ್ಪಿಗೆ ಇಲ್ಲದೆ ನಿಮ್ಮ ಸೈಟಿಗೆ ಹಾಕುವ ಮೊದಲು ಇದನ್ನು ನೆನಪಿಡಿ. ಇದರ ಜೊತೆಗೆ, ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿದೆ. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು.

ಎರಡನೆಯದು ಒಪ್ಪಿಗೆ. ಬುಕಿಂಗ್ ಕಾಗದದಲ್ಲೇ ಬೇರೆಯಾಗಿ ಕೇಳಿ: ವೆಬ್‌ಸೈಟಿಗೆ ಹಾಕಬಹುದೇ? ಮುಖ ಕಾಣಬಹುದೇ, ಅಥವಾ ಮುಖವಿಲ್ಲದ ಚಿತ್ರ ಮಾತ್ರವೇ? ಮುಂದೆ ಬೇಡ ಎಂದರೆ ತೆಗೆಯಲು ಯಾರಿಗೆ ಹೇಳಬೇಕು? ಹಣ ಕೊಟ್ಟ ಅಪ್ಪನೋ ಅಣ್ಣನೋ ಹೂಂ ಅಂದರೆ ಸಾಲದು. ಫೋಟೊದಲ್ಲಿರುವ ಮುಖ ಯಾರದೋ ಅವಳೇ ಹೇಳಬೇಕು. ಮದುವೆಗೆ ಬಂದ ಅತಿಥಿಗಳು ನಿಮಗೆ ಯಾವ ಸಹಿಯನ್ನೂ ಹಾಕಿಲ್ಲ, ಮಕ್ಕಳಂತೂ ಹಾಕಲಾರರು.

ಮೂರನೆಯದು ಹೆಸರು. ಫೈಲಿಗೆ ಹೆಸರಿಡಿ ಎಂದೆ, ಆದರೆ ಅಲ್ಲಿ ವಧೂವರರ ಹೆಸರು ಬೇಡ. ಆ ಹೆಸರನ್ನು ಯಾರೇ ಹುಡುಕಿದರೂ, ಹತ್ತು ವರ್ಷದ ಮೇಲೂ, ಆ ಫೋಟೊ ಎದುರಿಗೆ ಬರಬಹುದು. ಸಂದರ್ಭಕ್ಕೆ ಹೆಸರಿಡಿ, ವ್ಯಕ್ತಿಗೆ ಬೇಡ.

ನಾಲ್ಕನೆಯದು ಫೋಟೊದೊಳಗೆ ಅಡಗಿರುವ ಮಾಹಿತಿ. ಮೊಬೈಲಿನಲ್ಲಿ ಲೊಕೇಶನ್ ಆನ್ ಇದ್ದರೆ ಫೋಟೊ ತೆಗೆದ ಜಾಗದ ಅಕ್ಷಾಂಶ ರೇಖಾಂಶ ಫೈಲಿನೊಳಗೆ ಸೇರಿಕೊಂಡಿರುತ್ತದೆ. ಮನೆಯಲ್ಲಿ ತೆಗೆದ ಮೆಹಂದಿ ಫೋಟೊ ಆ ಮನೆಯ ವಿಳಾಸವನ್ನೇ ಹೇಳಿಬಿಡುತ್ತದೆ. ಏರಿಸುವ ಮೊದಲು ಅದನ್ನು ಅಳಿಸಿ. ಲೊಕೇಶನ್ ಇಟ್ಟರೆ ಹುಡುಕಾಟದಲ್ಲಿ ಮೇಲೆ ಬರುತ್ತೇವೆ ಎಂದು ಯಾರಾದರೂ ಹೇಳಿದರೆ ಅದನ್ನು ನಂಬಿ ಕೂರಬೇಡಿ. ಊರಿನ ಹೆಸರನ್ನು ಪುಟದಲ್ಲಿ ಬರೆದರೆ ಆಯಿತು. ಆದರೆ ಫೋಟೊಗ್ರಾಫರ್‌ನ ಹೆಸರು, ಹಕ್ಕಿನ ಸೂಚನೆ ಬರೆಯುವ ಐಪಿಟಿಸಿ ಎಂಬ ಖಾನೆಗಳನ್ನು ಅಳಿಸಬೇಡಿ. ದೀನ್ ದಯಾಳ್ ಗಾಜಿನ ಮೇಲೆ ಬರೆದ ಹಾಗೆ ಅದು ಫೈಲಿನ ಜೊತೆಗೇ ಹೋಗುತ್ತದೆ, ಗೂಗಲ್ ಕೂಡ ಅದನ್ನು ಓದುತ್ತದೆ.

ಐದನೆಯದು ಬೀಗ. ಗಿರಾಕಿಗೆ ಪೂರ್ತಿ ಆಲ್ಬಮ್ ಕೊಡುವಾಗ ಪಾಸ್‌ವರ್ಡ್ ಇರುವ ಪುಟದಲ್ಲೇ ಕೊಡಿ. ‘ಲಿಂಕ್ ಇರುವ ಯಾರಾದರೂ ನೋಡಬಹುದು’ ಅನ್ನುವ ಆಯ್ಕೆ ಬೀಗವಲ್ಲ, ಚಿಲಕ ಮಾತ್ರ. ಲಿಂಕ್ ಒಂದು ವಾಟ್ಸ್ಆ್ಯಪ್ ಗುಂಪಿಗೆ ಹೋದರೆ ಮುಗೀತು. ಸರ್ಚ್ ಇಂಜಿನ್ ಇತ್ತ ಬರಬೇಡ ಎಂದು ಹೇಳಲು ರೋಬೋಟ್ಸ್ ಎಂಬ ಕಡತವಿದೆ, ನೋಇಂಡೆಕ್ಸ್ ಎಂಬ ಸೂಚನೆಯೂ ಇದೆ. ಆದರೆ ರೋಬೋಟ್ಸ್ ಕಡತವನ್ನು ಯಾರು ಬೇಕಾದರೂ ತೆರೆದು ಓದಬಹುದು. ಖಾಸಗಿ ಫೋಲ್ಡರಿನ ಹೆಸರನ್ನು ಅಲ್ಲಿ ಬರೆದರೆ ಕಳ್ಳನಿಗೆ ದಾರಿ ತೋರಿಸಿದ ಹಾಗೆ. ಪಾಸ್‌ವರ್ಡೇ ಗಟ್ಟಿ. ತಪ್ಪಿ ಒಂದು ಫೋಟೊ ಹೊರಗೆ ಬಂದೇಬಿಟ್ಟರೆ, ಮೊದಲು ಸೈಟಿನಿಂದ ತೆಗೆಯಿರಿ, ಆಮೇಲೆ ಸರ್ಚ್ ಕನ್ಸೋಲ್‌ನ ತೆಗೆದುಹಾಕುವ ಸೌಲಭ್ಯದಲ್ಲಿ ಅರ್ಜಿ ಕೊಡಿ. ಬರೀ ಅರ್ಜಿ ಕೊಟ್ಟು ಸೈಟಿನಲ್ಲಿ ಬಿಟ್ಟರೆ ಅದು ಸುಮಾರು ಆರು ತಿಂಗಳ ತಡೆ ಅಷ್ಟೇ.

ಹಾಗಾದರೆ ಏನು ತೋರಿಸೋದು?

‘ಮುಖ ತೋರಿಸದಿದ್ದರೆ ವ್ಯಾಪಾರ ಹೇಗೆ?’ ಎಂದು ನೀವು ಕೇಳಬಹುದು. ಇದು ನ್ಯಾಯವಾದ ಪ್ರಶ್ನೆ. ಒಂದು ಮದುವೆಯಲ್ಲಿ ಮುಖವಲ್ಲದ ಎಷ್ಟು ಸಂಗತಿಗಳಿವೆ ನೋಡಿ: ಮೆಹಂದಿ ಹಚ್ಚಿದ ಕೈ, ಖಡಾ ದುಪಟ್ಟಾದ ಜರಿ, ಲಾಡ್ ಬಜಾರಿನ ಲಾಕ್ ಬಳೆ, ವರನ ಸೆಹ್ರಾ, ಸಹಿ ಹಾಕುವ ಪೆನ್ನು, ದಸ್ತರಖಾನಿನ ಮೇಲಿನ ಬಿರಿಯಾನಿಯ ಹಬೆ, ಹಾಲಿನ ದೀಪಾಲಂಕಾರ, ಬೀಳ್ಕೊಡುವಾಗ ಅಪ್ಪನ ಕೈ ಹಿಡಿದ ಮಗಳ ಕೈ. ಇವುಗಳಲ್ಲಿ ಫೋಟೊಗ್ರಾಫರ್‌ನ ಕೈಚಳಕ ಮುಖದ ಫೋಟೊಗಿಂತಲೂ ಚೆನ್ನಾಗಿ ಕಾಣುತ್ತದೆ. ಜನ ಹುಡುಕುವುದೂ ಇಂಥ ಪದಗಳನ್ನೇ: ಮೆಹಂದಿ, ಬಳೆ, ಖಡಾ ದುಪಟ್ಟಾ, ವೇದಿಕೆಯ ಅಲಂಕಾರ. ಜೊತೆಗೆ ಸಂತೋಷದಿಂದ ಒಪ್ಪಿದ ನಾಲ್ಕಾರು ಜೋಡಿಗಳ ಫೋಟೊ ಇದ್ದರೆ ಸಾಕು.

‘ಒಪ್ಪಿಗೆ ಇಲ್ಲದೆ ಯಾರ ಫೋಟೊವನ್ನೂ ಇಲ್ಲಿ ಹಾಕುವುದಿಲ್ಲ’ ಎಂಬ ಒಂದು ಸಾಲನ್ನು ಸೈಟಿನಲ್ಲಿ ಬರೆಯಿರಿ, ಬರೆದಂತೆ ನಡೆಯಿರಿ. ಹೆಣ್ಣುಮಕ್ಕಳ ಮದುವೆ ಮಾಡುವ ಮನೆಗಳಿಗೆ ಇದಕ್ಕಿಂತ ದೊಡ್ಡ ಜಾಹೀರಾತು ಇಲ್ಲ. ಬೇರೆಯವರ ವಸ್ತು ನಮ್ಮ ಕೈಯಲ್ಲಿದ್ದರೆ ಅದು ಅಮಾನತ್ತು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಫೋಟೊವೂ ಅದೇ.

ಈ ವಾರವೇ ಶುರುಮಾಡಿ

ಎಲ್ಲವನ್ನೂ ಒಂದೇ ದಿನ ಮಾಡಲು ಹೋಗಬೇಡಿ, ಸುಸ್ತಾಗಿ ಕೈಬಿಡುತ್ತೀರಿ. ಒಪ್ಪಿಗೆ ಇರುವ 20 ಫೋಟೊ ಆರಿಸಿ. 1600 ಪಿಕ್ಸೆಲ್‌ಗೆ ಇಳಿಸಿ. ಅರ್ಥವಾಗುವ ಹೆಸರಿಡಿ. ಒಂದೊಂದಕ್ಕೂ ಒಂದು ಸಾಲು ಆಲ್ಟ್ ಟೆಕ್ಸ್ಟ್ ಬರೆಯಿರಿ. ಎರಡು ಪುಟ ಮಾಡಿ, ಪ್ರತಿ ಪುಟಕ್ಕೆ ನಿಮ್ಮ ಮಾತಿನಲ್ಲಿ ಬರಹ ಸೇರಿಸಿ. ಗೂಗಲ್ ಬಿಸಿನೆಸ್ ಪ್ರೊಫೈಲಿನಲ್ಲಿ ಅಂಗಡಿಯ ಹೆಸರು, ವಿಳಾಸ, ನಂಬರು ವೆಬ್‌ಸೈಟಿನಲ್ಲಿರುವ ಹಾಗೇ ಇದೆಯೇ ನೋಡಿ. ಸರ್ಚ್ ಕನ್ಸೋಲ್ ಉಚಿತ; ಅದರಲ್ಲಿ ಹುಡುಕಾಟದ ಬಗೆಯನ್ನು ‘ಚಿತ್ರ’ ಎಂದು ಆರಿಸಿದರೆ ಜನ ಯಾವ ಪದ ಹುಡುಕಿ ನಿಮ್ಮ ಫೋಟೊ ಕಂಡರು ಎಂಬುದು ಗೊತ್ತಾಗುತ್ತದೆ. ಫಲ ಕಾಣಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ. ‘ಒಂದು ವಾರದಲ್ಲಿ ಮೊದಲ ಸ್ಥಾನ’ ಎಂದು ದುಡ್ಡು ಕೇಳುವವರಿಂದ ದೂರ ಇರಿ. ಅಂಥ ಭರವಸೆ ಕೊಡುವ ಅಧಿಕಾರ ಯಾರಿಗೂ ಇಲ್ಲ.

ವಿದ್ಯಾರ್ಥಿಗಳಿಗೂ ಒಂದು ಮಾತು. ಇದಕ್ಕೆ ದೊಡ್ಡ ಡಿಗ್ರಿ ಬೇಕಿಲ್ಲ. ಭಾಷೆ ಚೆನ್ನಾಗಿ ಗೊತ್ತಿರಬೇಕು, ಚಿತ್ರವನ್ನು ಗಮನವಿಟ್ಟು ನೋಡಿ ಒಂದು ಸಾಲಿನಲ್ಲಿ ಹೇಳಲು ಬರಬೇಕು. ಕನ್ನಡ, ಉರ್ದು, ತೆಲುಗು ಮೂರೂ ಮಾತಾಡುವ ನಮ್ಮ ಗಡಿಭಾಗದ ಮಕ್ಕಳಿಗೆ, ಒಂದೇ ಬಳೆಯನ್ನು ಮೂರು ಭಾಷೆಯವರು ಏನೆಂದು ಹುಡುಕುತ್ತಾರೆ ಎಂಬುದು ಮನೆಯಲ್ಲೇ ಗೊತ್ತಿರುತ್ತದೆ. 1956ರವರೆಗೆ ಬೀದರ್, ಕಲಬುರಗಿ, ರಾಯಚೂರು ಎಲ್ಲ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಆ ಮಾತುಗಳ ಬೆರಕೆ ಇವತ್ತು ದುಡಿಮೆಗೆ ಬಂದರೆ ಬೇಡ ಅನ್ನಬೇಡಿ. ಮೊದಲು ಪರಿಚಯದ ಒಂದು ಸ್ಟುಡಿಯೊದ 20 ಫೋಟೊ ಮಾಡಿಕೊಡಿ. ಕೆಲಸ ಕಲಿತ ಹಾಗೂ ಆಯಿತು.

ಟೋಲಿಚೌಕಿಯ ನಮ್ಮ ಹುಡುಗ ಇಷ್ಟು ಮಾಡಿದರೆ, ಎರಡು ಗಲ್ಲಿ ಆಚೆಯ ಆ ಅಣ್ಣನಿಗೆ ಅವನ ಫೋಟೊ ಸಿಗುವ ಸಾಧ್ಯತೆ ಇದೆ. ಅಣ್ಣ ಫೋನ್ ಮಾಡುತ್ತಾನೆ, ದರ ಕೇಳುತ್ತಾನೆ, ಆಮೇಲೆ ಸ್ವಲ್ಪ ತಡೆದು, ‘ನಮ್ಮ ಮನೆ ಹೆಣ್ಣುಮಕ್ಕಳ ಫೋಟೊ ಎಲ್ಲೂ ಹಾಕೋದಿಲ್ಲ ತಾನೇ?’ ಎಂದು ಕೇಳುತ್ತಾನೆ. ಮೊದಲ ಪ್ರಶ್ನೆಗೆ ಉತ್ತರ ವೆಬ್‌ಸೈಟಿನಲ್ಲಿದೆ. ಎರಡನೆಯದಕ್ಕೆ ಉತ್ತರ ನಿಮ್ಮ ನಡತೆಯಲ್ಲಿರಲಿ.